ಯುದ್ಧ ಪದಕಗಳ ಸಂಗ್ರಹ ಮತ್ತು ಗುರುತಿಸುವಿಕೆ

ಯುದ್ಧದ ಅವಶೇಷಗಳಲ್ಲಿ ಒಬ್ಬ ಸೈನಿಕನ ಹೆಸರನ್ನು ನೇರವಾಗಿ ಹೇಳಬಲ್ಲವು ಕೆಲವೇ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳು ಅವುಗಳಲ್ಲಿ ಮುಖ್ಯವಾದವು. 36 ಮಿ.ಮೀ. ವ್ಯಾಸದ ಬೆಳ್ಳಿಯ ‘ಬ್ರಿಟಿಷ್ ವಾರ್ ಮೆಡಲ್’ನ ಒಂದು ಮುಖದಲ್ಲಿ ಐದನೇ ಜಾರ್ಜ್ ದೊರೆಯ ತಲೆಯಿದೆ, ಇನ್ನೊಂದರಲ್ಲಿ ಬತ್ತಲೆ ಕುದುರೆ ಸವಾರ, ಕುದುರೆಯ ಕಾಲಡಿ ಹದ್ದಿನ ಗುರಾಣಿ, ಜೊತೆಗೆ 1914 ಮತ್ತು 1918ರ ಇಸವಿಗಳು. ಆದರೆ ಸಂಗ್ರಾಹಕ ಮೊದಲು ನೋಡಬೇಕಾದ್ದು ಅಂಚನ್ನು. ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಸೇವಾ ಸಂಖ್ಯೆ, ದರ್ಜೆ, ಹೆಸರು, ಪಡೆ ಒಂದೊಂದಾಗಿ ಕಾಣುತ್ತವೆ. ಅಂಚು ಉಜ್ಜಿದಂತಿದ್ದು ವ್ಯಾಸ ಕಡಿಮೆಯಿದ್ದರೆ ಹಳೆಯ ಹೆಸರನ್ನು ಅರದಿಂದ ಅಳಿಸಿರುವ ಸಾಧ್ಯತೆಯಿದೆ.

ಭಾರತದ ಕೂಲಿ ಪಡೆಗಳವರಿಗೆ ಇದೇ ಪದಕ ಸಿಕ್ಕಿದ್ದು ಕಂಚಿನಲ್ಲಿ. ಲೋಹದಲ್ಲೇ ಉಳಿದುಹೋದ ಈ ತಾರತಮ್ಯ ನೋಯಿಸುವಂಥದು. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರು ಕೆತ್ತದೆಯೇ ಕೊಟ್ಟಿತು; ಅಲ್ಲಿ ದಾಖಲೆಗಳೇ ಆಧಾರ.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಜೋಧಪುರದ ಸವಾರರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅಂಥ ಪಡೆಯ ಹೆಸರಿರುವ ಪದಕ ಅಜ್ಜನ ಟ್ರಂಕಿನಲ್ಲಿ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು: ಕಪ್ಪು ಹೋಗುವಾಗ ಅಕ್ಷರವೂ ಸವೆಯುತ್ತದೆ. ರಿಬ್ಬನ್ ಹರಿದಿದ್ದರೂ ಬಿಸಾಡದೆ, ಅಂಚಿನ ಬರಹವನ್ನು ತಪ್ಪಿಲ್ಲದೆ ನಕಲು ಮಾಡಿ, ಸೇವಾ ಕಾಗದಗಳಿದ್ದರೆ ಜೊತೆಯಲ್ಲೇ ಇಡಬೇಕು. ಬೆಳ್ಳಿಯ ತೂಕಕ್ಕೆ ಮಾರಿ ಕರಗಿಸಿದ ಪದಕದ ಹೆಸರು ಮತ್ತೆ ಓದಲು ಸಿಗುವುದಿಲ್ಲ.