ರಾಗಿ ಸರಿ ಒಂದಿದ್ದರೆ ಸಾಕೇ? ಒಂದರಿಂದ ಮೂರು ವರ್ಷದ ಮಗುವಿನ ಊಟದ ಲೆಕ್ಕ

ಮಗುವಿಗೆ ಒಂದು ವರ್ಷ ತುಂಬುತ್ತಿದ್ದಂತೆ ಫ್ಯಾಮಿಲಿ ಗ್ರೂಪಿಗೆ ಡಯಟ್ ಚಾರ್ಟ್‌ಗಳು ಬಂದು ಬೀಳತೊಡಗುತ್ತವೆ. ರಾಗಿ ಕೊಟ್ಟರೆ ಬೇರೇನೂ ಬೇಡ ಎನ್ನುತ್ತದೆ ಒಂದು. ದಿನಾ ಬೇಳೆ ಕಟ್ಟು ಕುಡಿಸಿ, ಮಗು ಗುಂಡುಗುಂಡಗಾಗುತ್ತದೆ ಎನ್ನುತ್ತದೆ ಇನ್ನೊಂದು. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಮೊಸರು ಕಫ ಎಂದು ಹೆದರಿಸುವುದು ಮೂರನೆಯದು. ಇನ್ನು ಏಳು ದಿನಕ್ಕೆ ಏಳು ಬಣ್ಣದ ಚಾರ್ಟ್ ಇದ್ದರಂತೂ ಅದರಲ್ಲಿ ಅವಕಾಡೊ, ಬ್ಲೂಬೆರಿ ಇರಲೇಬೇಕು. ವಿಜಯನಗರದ ಮಾರ್ಕೆಟ್‌ನಲ್ಲಿ ಸಂಜೆ ಚೌಕಾಸಿ ಮಾಡಿ ಸೊಪ್ಪು ಕೊಳ್ಳುವ ಮನೆಯವರಿಗೆ ಅದನ್ನು ನೋಡಿದರೆ, ನಮ್ಮ ಮಗುವಿಗೆ ಏನೋ ಕಡಿಮೆ ಮಾಡುತ್ತಿದ್ದೇವೆ ಅನ್ನಿಸುವುದು ಸಹಜ.

ನಿಜವಾಗಿ ಕಡಿಮೆಯಾಗುತ್ತಿರುವುದು ಬ್ಲೂಬೆರಿಯಲ್ಲ, ಕಬ್ಬಿಣದ ಅಂಶ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಅಂದರೆ ಮೂರು ಮಕ್ಕಳಲ್ಲಿ ಇಬ್ಬರಿಗೆ ಈ ತೊಂದರೆ. ಇದು ಬಡವರ ಮನೆಯ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಮಿದುಳು ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಮಗುವಿನ ಕಲಿಕೆ, ಚಟುವಟಿಕೆ ಎರಡಕ್ಕೂ ಪೆಟ್ಟು. ಜೊತೆಗೆ ಹಸಿವೂ ಇಂಗುತ್ತದೆ. ಮಗು ಏನೂ ತಿನ್ನಲ್ಲ ಅನ್ನುವ ದೂರಿನ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ.

ರಾಗಿ: ಸರಿ, ಆದರೆ ಅರ್ಧ ಸರಿ

ರಾಗಿಯ ಬಗ್ಗೆ ಅಜ್ಜಿಯಂದಿರು ಹೇಳುವುದು ತಪ್ಪಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕಬ್ಬಿಣ ಇರುವುದು 4.6 ಮಿಲಿಗ್ರಾಂ ಮಾತ್ರ. ಈಗ ಲೆಕ್ಕ ಹಾಕಿ. ದಿನಕ್ಕೆರಡು ಸಲ ತಲಾ 30 ಗ್ರಾಂ ರಾಗಿ ಹಿಟ್ಟಿನ ಸರಿ ತಿಂದ ಮಗುವಿಗೆ ಸುಮಾರು 218 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಿರುವುದು 500. ಒಂದು ಲೋಟ ಹಾಲು ಸೇರಿದರೆ ಹೆಚ್ಚೂಕಡಿಮೆ ಮುಟ್ಟಿತು. ಕಬ್ಬಿಣ ದಿನಕ್ಕೆ 8 ಮಿಲಿಗ್ರಾಂ ಬೇಕು, ಸಿಕ್ಕಿದ್ದು 2.8. ಅದರಲ್ಲೂ ದೇಹ ಹೀರಿಕೊಳ್ಳುವುದು ಸ್ವಲ್ಪವೇ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆದ್ದರಿಂದ ರಾಗಿ ಇರಲಿ, ರಾಗಿ ಮಾತ್ರ ಬೇಡ. ಮೊಳಕೆ ಕಟ್ಟಿದ ರಾಗಿಯಾದರೆ ಇನ್ನೂ ಒಳ್ಳೆಯದು. ತೊಳೆದು, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಸ್ವಲ್ಪವೇ ಬೆಚ್ಚಗೆ ಮಾಡಿ ಗಿರಣಿಗೆ ಕೊಡುವ ಈ ಪದ್ಧತಿಗೆ ಎರಡು ಲಾಭ. ಒಂದು, ಫೈಟೇಟ್ ಕಡಿಮೆಯಾಗುತ್ತದೆ. ಇನ್ನೊಂದನ್ನು ತಿಳಿಯಲು ಮಗುವಿನ ಹೊಟ್ಟೆಯ ಗಾತ್ರ ತಿಳಿದಿರಬೇಕು. ತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ ಆಹಾರ ಹಿಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಲೆಕ್ಕ. 10 ಕಿಲೋ ತೂಕದ ಮಗುವಿಗೆ ಒಂದು ಹೊತ್ತಿಗೆ 300 ಗ್ರಾಂ. ಅಷ್ಟು ಜಾಗದಲ್ಲಿ ನೀರುನೀರಾದ ಸರಿ ತುಂಬಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಗಟ್ಟಿ ಮಾಡಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಹಾಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರ ತಂಡ 1980ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿತ್ತು. ನಮ್ಮ ಮನೆಗಳಲ್ಲಿ ಅದಕ್ಕಿಂತ ಬಹಳ ಮೊದಲೇ ಮಾಡುತ್ತಿದ್ದರು, ಕಾರಣ ಗೊತ್ತಿರಲಿಲ್ಲ ಅಷ್ಟೇ. ಒಂದು ಎಚ್ಚರಿಕೆ: ಮೊಳಕೆ ರಾಗಿಯನ್ನು ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ.

ಬೇಳೆ ಕಟ್ಟು: ಇದು ಮಾತ್ರ ಪೂರ್ತಿ ತಪ್ಪು

ಬೇಳೆ ಬೇಯಿಸಿ ಮೇಲಿನ ತಿಳಿನೀರನ್ನು ಮಗುವಿಗೆ, ತಳದ ಬೇಳೆಯನ್ನು ದೊಡ್ಡವರಿಗೆ ಬಡಿಸುವುದು ತಿರುಗುಮುರುಗಾದ ನ್ಯಾಯ. ಪ್ರೋಟೀನ್, ಕಬ್ಬಿಣ ಇರುವುದು ಬೇಳೆಯಲ್ಲಿ. ಕಟ್ಟಿನಲ್ಲಿರುವುದು ಹೆಚ್ಚಾಗಿ ನೀರು. ಬಸ್ಸಾರು ಮಾಡಿದ ದಿನವೂ ಅಷ್ಟೇ. ಬಸಿದ ರಸದಲ್ಲಿ ಅನ್ನ ಕಲೆಸಿ ತಿನ್ನಿಸಿ, ಸೊಪ್ಪು–ಕಾಳಿನ ಪಲ್ಯ ನಾವು ತಿಂದರೆ ಮಗುವಿಗೆ ಸಿಕ್ಕಿದ್ದು ಪರಿಮಳ. ಪಲ್ಯವನ್ನೇ ಖಾರ ಹಾಕುವ ಮೊದಲು ಎತ್ತಿಟ್ಟು, ಚೆನ್ನಾಗಿ ಕಿವುಚಿ ಅನ್ನಕ್ಕೆ ಬೆರೆಸಿ. ಭಾನುವಾರದ ಕೋಳಿ ಸಾರಿಗೂ ಇದೇ ಮಾತು: ರಸವಲ್ಲ, ತುಂಡನ್ನೇ ಎಳೆ ಎಳೆಯಾಗಿ ಬಿಡಿಸಿ ಕೊಡಬೇಕು. ಗಟ್ಟಿತನ ಎಷ್ಟಿರಬೇಕು ಎಂಬುದಕ್ಕೆ ಸುಲಭದ ಪರೀಕ್ಷೆ, ಚಮಚ ಓರೆ ಮಾಡಿದರೆ ಊಟ ಸುರಿದುಹೋಗಬಾರದು.

ಎಂಟರಲ್ಲಿ ಐದು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಎರಡು ವರ್ಷದೊಳಗಿನ ಮಕ್ಕಳ ಆಹಾರವನ್ನು ಎಂಟು ಗುಂಪು ಮಾಡಿವೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆ, ಕಾಳು, ಬೀಜ, ಹಾಲು, ಮೊಸರು, ಮಾಂಸ, ಮೀನು, ಮೊಟ್ಟೆ, ವಿಟಮಿನ್ ಎ ಹೆಚ್ಚಿರುವ ಹಣ್ಣು–ತರಕಾರಿ, ಉಳಿದ ಹಣ್ಣು–ತರಕಾರಿ. ದಿನಕ್ಕೆ ಕನಿಷ್ಠ ಐದು ಗುಂಪು ಆಗಬೇಕು. ಎರಡು ದಾಟಿದ ಮಗುವಿಗೂ ಇದೇ ಲೆಕ್ಕ ಹಿಡಿದರೆ ನಷ್ಟವಿಲ್ಲ. ಡಯಟ್ ಚಾರ್ಟ್ ಡಿಲೀಟ್ ಮಾಡಿ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

ಎದೆಹಾಲು ಬಿಟ್ಟ ಮಗು ದಿನವಿಡೀ ರಾಗಿ ಸರಿ, ಅನ್ನ, ಬಿಸ್ಕತ್ತು, ಹಾಲು, ಬಾಳೆಹಣ್ಣು ತಿಂದಿತು ಅನ್ನಿ. ಐದು ಪದಾರ್ಥ ಆಯಿತು, ಆದರೆ ಗುಂಪು ಮೂರೇ. ಮಧ್ಯಾಹ್ನದ ಅನ್ನಕ್ಕೆ ತೊಗರಿಬೇಳೆಯ ಗಟ್ಟಿ ತೊವ್ವೆ ಸೇರಿದರೆ ನಾಲ್ಕು. ಆ ತೊವ್ವೆಗೆ ಒಂದು ಹೋಳು ಸಿಹಿಗುಂಬಳವೋ ಒಂದು ಹಿಡಿ ನುಗ್ಗೆಸೊಪ್ಪೋ ಬಿದ್ದರೆ ಐದು. ಖರ್ಚು ಕೆಲವೇ ರೂಪಾಯಿ.

ನಮ್ಮ ಕಡೆಯ ಅಡುಗೆಯಲ್ಲಿ ಇದಕ್ಕೆ ದಾರಿ ಬೇಕಾದಷ್ಟಿದೆ. ಬೆಳಿಗ್ಗೆ ಇಡ್ಲಿಯನ್ನು ಖಾರವಿಲ್ಲದ ಬೇಳೆ ಸಾಂಬಾರಿನಲ್ಲಿ ನೆನೆಸಿ ಕೊಡಿ, ಬರೀ ಸಕ್ಕರೆ–ತುಪ್ಪದಲ್ಲಿ ಅಲ್ಲ. ಅಕ್ಕಿ ರೊಟ್ಟಿ ತಟ್ಟುವಾಗ ಮಗುವಿನ ಪಾಲಿಗೆ ಸಬ್ಬಸಿಗೆ ಸೊಪ್ಪು, ತುರಿದ ಕ್ಯಾರೆಟ್ ಹಾಕಿ ಮೆತ್ತಗೆ ಮಾಡಿ. ಹೆಸರುಬೇಳೆ ಪೊಂಗಲ್‌ಗೆ ಮೆಣಸು ಕಡಿಮೆ, ತುಪ್ಪ ಒಂದು ಚಮಚ. ಮುದ್ದೆಯನ್ನು ದೊಡ್ಡವರಂತೆ ನುಂಗಿಸಬೇಡಿ. ಮೆತ್ತಗೆ ಮಾಡಿ ಟೊಮೆಟೊ ಹಾಕಿದ ಮಸ್ಸೊಪ್ಪಿನಲ್ಲಿ ಕಿವುಚಿ. ಮೊಸರನ್ನಕ್ಕೆ ಬೇಯಿಸಿ ಹಿಸುಕಿದ ಬೀಟ್‌ರೂಟ್ ಬೆರೆಸಿದರೆ ಬಣ್ಣ ನೋಡಿಯೇ ಕೆಲವು ಮಕ್ಕಳು ಬಾಯಿ ತೆರೆಯುತ್ತವೆ. ಚಳಿಗಾಲದಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಅವರೆಕಾಯಿ ಬಂದಾಗ ಮಗುವಿಗೂ ಅದರ ಪಾಲು ಇರಲಿ. ಸಿಪ್ಪೆ ತೆಗೆದ ಹಿತಕಿದ ಬೇಳೆ ಬೆಂದರೆ ಬೆಣ್ಣೆಯಂತೆ ಹಿಸುಕಬಹುದು. ಆ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ ನಿಜ, ಟಿವಿ ನೋಡುತ್ತಾ ಮನೆಯವರೆಲ್ಲ ಕೈ ಹಾಕಿದರೆ ಆಗುತ್ತದೆ. ತಿಂಡಿಗೆ ಬಿಸ್ಕತ್ತಿನ ಬದಲು ಪಪ್ಪಾಯ, ಚಿಕ್ಕು, ಬೇಯಿಸಿದ ಗೆಣಸು, ಅಥವಾ ನುಣ್ಣಗೆ ಪುಡಿ ಮಾಡಿದ ಕಡಲೆಬೀಜ ಹಾಕಿದ ಅವಲಕ್ಕಿ. ಒಂದು ಹೊತ್ತಿಗೆ ಅರ್ಧದಿಂದ ಒಂದು ಬಟ್ಟಲು, ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ತಿಂಡಿ.

ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಬಹುದು. ಈ ವಯಸ್ಸಿನ ಮಗುವಿಗೆ ಬೇಕಾದ ಪ್ರೋಟೀನ್‌ನಲ್ಲಿ ಹೆಚ್ಚೂಕಡಿಮೆ ಅರ್ಧ ಅದರಲ್ಲೇ ಬರುತ್ತದೆ. ಉಷ್ಣ ಎಂಬ ಕಾರಣಕ್ಕೆ ಎರಡು ವರ್ಷ ಕಾಯಬೇಕು ಎನ್ನುವುದಕ್ಕೆ ಆಧಾರವಿಲ್ಲ. ಬಾಳೆಹಣ್ಣಿನಿಂದ ಶೀತವೂ ಬರುವುದಿಲ್ಲ. ಶೀತ ಬರುವುದು ವೈರಸ್‌ನಿಂದ. ಮೊಟ್ಟೆಯನ್ನೋ ಕಡಲೆಬೀಜವನ್ನೋ ಮೊದಲ ಸಲ ಕೊಡುವಾಗ ಸ್ವಲ್ಪ ಕೊಟ್ಟು ನೋಡಿ. ಮೈಮೇಲೆ ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಓಡಿ.

ಸಸ್ಯಾಹಾರಿ ಮನೆಗಳಲ್ಲಿ ಕಬ್ಬಿಣಕ್ಕೆ ಕಾಳು, ಸೊಪ್ಪು, ಎಳ್ಳೇ ಗತಿ. ಅದನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ಜೊತೆಗಿರಬೇಕು. ತೊವ್ವೆ ಒಲೆಯಿಂದ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ, ಊಟವಾದ ಮೇಲೆ ಬೀಜ ತೆಗೆದ ಮೆತ್ತನೆಯ ಸೀಬೆಹಣ್ಣು ಇದ್ದರೆ ಆಯಿತು. ಇದಕ್ಕೆ ಅಡ್ಡಗಾಲು ಹಾಕುವುದು ಟೀ. ಚಿಕ್ಕ ಲೋಟದಲ್ಲಿ ಬಿಸ್ಕತ್ತು ಅದ್ದಿ ಕೊಡುವ ಅಭ್ಯಾಸ ನಿಲ್ಲಿಸಿ.

ಹಾಲು ಹೆಚ್ಚಾದರೂ ಕಷ್ಟ

ಇದನ್ನು ಹೇಳಿದರೆ ಅನೇಕರು ನಂಬುವುದಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರ್ ದಾಟಿ ಕುಡಿಯುವ ಮಗುವಿನ ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಇರುವುದಿಲ್ಲ, ಜೊತೆಗೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರುವಿಕೆಯನ್ನೂ ತಗ್ಗಿಸುತ್ತದೆ. ಊಟ ಬೇಡ ಎಂದ ಕೂಡಲೇ ಬಾಟಲಿ ತುಂಬಿಸಿ ಕೊಡುವ ಮನೆಗಳಲ್ಲಿ ಇದೇ ಆಗುವುದು. ದಿನಕ್ಕೆ ಎರಡು ಲೋಟ ಸಾಕು.

ಆ ಹಾಲಿಗೆ ಬೆರೆಸುವ ಪುಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ಹೆಸರಿಗೆ ವ್ಯಾಖ್ಯೆಯೇ ಇಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಕಬ್ಬಿಣ ಸಿಗುತ್ತದೆ ಎಂಬ ಫಾರ್ವರ್ಡ್ ಕೂಡ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಚಮಚದಲ್ಲಿ ಸಿಗುವುದು ಅತ್ಯಲ್ಪ, ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಎರಡು ವರ್ಷದ ತನಕ ಎರಡನ್ನೂ ದೂರ ಇಡುವುದು ಉತ್ತಮ.

ತಿನ್ನದಿದ್ದರೆ?

ಒಂದರಿಂದ ಮೂರು ವರ್ಷದ ನಡುವೆ ಹೊಸ ರುಚಿಯನ್ನು ಉಗುಳುವುದು ಸಹಜ ಹಂತ. ಎಂಟು ಹತ್ತು ಸಲ, ಬೇರೆ ಬೇರೆ ದಿನ, ಒಂದೊಂದು ಚಮಚ ತಟ್ಟೆಯಲ್ಲಿಟ್ಟ ಮೇಲೆ ಎಷ್ಟೋ ಮಕ್ಕಳು ಒಪ್ಪಿಕೊಳ್ಳುತ್ತವೆ. ನಾವು ಎರಡನೇ ಸಲಕ್ಕೇ ‘ಇವನಿಗೆ ಸೊಪ್ಪು ಆಗಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಮೊಬೈಲ್ ತೋರಿಸಿ ತುರುಕಿದರೆ ತಟ್ಟೆ ಖಾಲಿಯಾಗುತ್ತದೆ, ಆದರೆ ಮಗುವಿಗೆ ತನ್ನ ಹಸಿವು ಯಾವುದು, ಹೊಟ್ಟೆ ತುಂಬಿದ್ದು ಯಾವುದು ಎಂಬುದು ಗೊತ್ತಾಗುವುದಿಲ್ಲ. ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಸಂಘ. ಮನೆಯವರ ಜೊತೆ ಕೂರಿಸಿ, ತನ್ನ ಕೈಯಿಂದ ಚೆಲ್ಲಾಡಿಕೊಂಡು ತಿನ್ನಲು ಬಿಡಿ. ನೆಲ ಒರೆಸುವ ಕೆಲಸ ಹೆಚ್ಚುತ್ತದೆ, ಒಪ್ಪಿದೆವು.

ಇಡೀ ಕಡಲೆಬೀಜ, ಬಾದಾಮಿ, ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಕೊಡಬೇಡಿ. ಇವು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿ, ಬೇಯಿಸಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಮಗು ಓಡಾಡುವಾಗ, ಅಳುವಾಗ ಬಾಯಿಗೆ ತುತ್ತು ಇಡಬೇಡಿ.

ಊಟ ಎಷ್ಟೇ ಚೆನ್ನಾಗಿದ್ದರೂ ಕಬ್ಬಿಣದ ಸಿರಪ್ ಬಿಡಬೇಡಿ. ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆರಡು ಸಲ 1 ಮಿಲಿಲೀಟರ್ ಸಿರಪ್ ಉಚಿತ. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಕೆಂಗೇರಿಯಾಗಲಿ ಬಸವೇಶ್ವರನಗರವಾಗಲಿ, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಿರಪ್ ಕೊಟ್ಟ ಮೇಲೆ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು. ಮಗುವಿನ ಅಂಗೈ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ, ಎರಡು ಮೂರು ತಿಂಗಳಿಂದ ತೂಕ ಏರದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.