ಮಾಲೆಗಾರನ ವಿದ್ಯೆ: ಕಲ್ಯಾಣದಿಂದ ಗುಡಿಮಲ್ಕಾಪುರದವರೆಗೆ

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಜಾರಿಗೆ ತಂದಿತು. ಕೈಕಸುಬಿನವರಿಗೆ ತರಬೇತಿ, ಉಪಕರಣ ಮತ್ತು ಸಾಲ ಒದಗಿಸುವ ಈ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿಯೊಂದಿದೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಅಗಸ, ದರ್ಜಿ ಮೊದಲಾದವರ ನಡುವೆ ಅಲ್ಲಿ ‘ಮಾಲಾಕಾರ’ನೂ ಇದ್ದಾನೆ. ಕನ್ನಡ ಶಾಸನಗಳ ಪರಿಚಯವಿರುವವರಿಗೆ ಇವನು ಹೊಸಬನಲ್ಲ. ದೇಗುಲಕ್ಕೆ ದತ್ತಿ ಬಿಡುವಾಗ ನಮ್ಮ ಅರಸರೂ ಸೆಟ್ಟಿಗಳೂ ನಂದಾದೀವಿಗೆಗೆ ಎಣ್ಣೆಯನ್ನೂ ನೈವೇದ್ಯಕ್ಕೆ ಗದ್ದೆಯನ್ನೂ ಕೊಟ್ಟಂತೆ ‘ಪೂದೋಂಟ’ಕ್ಕೆಂದು ನೆಲವನ್ನೂ ಅಳೆದು ಕೊಡುತ್ತಿದ್ದರು, ದೇಗುಲದ ಪರಿಚಾರಕರ ಸಾಲಿನಲ್ಲಿ ಮಾಲೆಗಾರನಿಗೂ ಒಂದು ಪಾಲು ಇರುತ್ತಿತ್ತು. ಶಾಸನದ ಕಲ್ಲಿನಿಂದ ಸರ್ಕಾರದ ಪಟ್ಟಿಗೆ ಬರಲು ಈ ಹೆಸರಿಗೆ ಹಲವು ಶತಮಾನಗಳೇ ಬೇಕಾದವು.

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಈ ಹೆಸರು ಮತ್ತೊಂದು ಕಾರಣಕ್ಕೂ ಗಮನಾರ್ಹವಾಗಿ ಕಂಡಿತು. ನಡುವಯಸ್ಸಿನಲ್ಲಿ ಇದ್ದ ಉದ್ಯೋಗವನ್ನು ಬಿಟ್ಟು ಹೂವಿನ ಅಲಂಕಾರವನ್ನು ವೃತ್ತಿಯಾಗಿ ಹಿಡಿಯಬೇಕೆಂದು ತರಬೇತಿಗೆ ಸೇರುವವರು ಈಗ ಈ ನಗರದಲ್ಲಿ ಅಪರೂಪವಲ್ಲ. ಅವರನ್ನು ಯಾರೂ ಹೂಗಾರರೆಂದು ಕರೆಯುವುದಿಲ್ಲ; ಅವರು ‘ಫ್ಲೋರಿಸ್ಟ್’ಗಳು. ಹೂವೊಂದೇ, ಹೆಸರು ಮಾತ್ರ ಎರಡು. ಈ ವಿದ್ಯೆಯನ್ನು ಹಿಂದೆ ಯಾರು ಹೇಗೆ ಕಲಿಯುತ್ತಿದ್ದರು, ಕಲಿತವರೆಂದು ಯಾರನ್ನು ಒಪ್ಪಲಾಗುತ್ತಿತ್ತು ಎಂಬುದನ್ನು ನೋಡಿದರೆ ಈ ಎರಡು ಹೆಸರುಗಳ ನಡುವಿನ ಅಂತರ ಎಲ್ಲಿಂದ ಬಂದಿತೆಂಬುದು ತಿಳಿದೀತು.

ಹೂ ಕಟ್ಟುವುದನ್ನು ನಮ್ಮ ಹಿರಿಯರು ವಿದ್ಯೆಯೆಂದೇ ಎಣಿಸಿದ್ದರು. ವಾತ್ಸ್ಯಾಯನನು ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಮಾಲೆ ಹೆಣೆಯುವ ಬಗೆಗಳೂ ಹೂವಿನ ಹಾಸಿಗೆ ಹಾಸುವುದೂ ಸೇರಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ವಿವರಿಸುವ ಭಾಗವಿದೆ; ಸ್ನಾನ, ತಾಂಬೂಲ, ವಸ್ತ್ರಗಳೊಂದಿಗೆ ‘ಮಾಲ್ಯೋಪಭೋಗ’ಕ್ಕೂ ಅಲ್ಲಿ ಸ್ಥಾನ ದೊರೆತಿದೆ. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ನಾವಿರುವ ಊರಿನಿಂದ ಇನ್ನೂರು ಕಿಲೋಮೀಟರಿನೊಳಗಿದೆ. ಆದರೆ ಮಾನಸೋಲ್ಲಾಸವು ಹೂವನ್ನು ಕಾಣುವುದು ಮುಡಿಯುವವನ ಕಡೆಯಿಂದ. ಆ ಮಾಲೆಯನ್ನು ಕಟ್ಟಿದ ಕೈಗಳ ಹೆಸರು ಅದರಲ್ಲಿಲ್ಲ.

ಕಟ್ಟುವವರ ಕಡೆಯಿಂದ ನೋಡಬೇಕಾದರೆ ಮಹಾಭಾರತದ ವಿರಾಟಪರ್ವಕ್ಕೆ ಹೋಗಬೇಕು. ಅಜ್ಞಾತವಾಸದಲ್ಲಿ ಪಾಂಡವರೆಲ್ಲರೂ ಹೊಸ ಉದ್ಯೋಗ ಹುಡುಕಿಕೊಳ್ಳುತ್ತಾರೆ. ದ್ರೌಪದಿಯು ಸೈರಂಧ್ರಿಯಾಗಿ ಸುದೇಷ್ಣೆಯ ಮುಂದೆ ನಿಂತು, ತನಗೆ ಕೇಶಾಲಂಕಾರ ಬರುತ್ತದೆ, ಅನುಲೇಪನಗಳನ್ನು ಅರೆಯಲು ಬರುತ್ತದೆ, ಮಲ್ಲಿಗೆ, ನೈದಿಲೆ, ಸಂಪಿಗೆಗಳ ಮಾಲೆ ಕಟ್ಟಲು ಬರುತ್ತದೆ ಎಂದು ಹೇಳಿಕೊಳ್ಳುತ್ತಾಳೆ. ಹಿಂದೆ ಎಲ್ಲಿ ಕೆಲಸ ಮಾಡಿದ್ದೆ ಎಂಬ ಪ್ರಶ್ನೆಗೂ ಅವಳು ಉತ್ತರವನ್ನು ಸಿದ್ಧಪಡಿಸಿಕೊಂಡಿರುತ್ತಾಳೆ: ಸತ್ಯಭಾಮೆಯ ಬಳಿ, ದ್ರೌಪದಿಯ ಬಳಿ. ರಾಣಿಯಾಗಿದ್ದವಳು ಹೊಟ್ಟೆಪಾಡಿಗೆ ಮಾಲೆಗಾರ್ತಿಯಾಗಬೇಕಾದಾಗ ನೆರವಿಗೆ ಬಂದದ್ದು ಅಂತಃಪುರದಲ್ಲಿ ನೋಡಿ ಕಲಿತ ಕೈಚಳಕ. ಮನೆಯೊಳಗೆ ಹವ್ಯಾಸವೆನಿಸಿದ್ದು ಹೊಸ್ತಿಲಾಚೆ ಕಾಲಿಟ್ಟೊಡನೆ ಊಳಿಗವಾಯಿತು. ಗೌರವ ಇಳಿದದ್ದು ವಿದ್ಯೆ ಕಡಿಮೆಯಾದುದರಿಂದಲ್ಲ.

ಐತಿಹಾಸಿಕ ಕಾಲದಲ್ಲಿ ಈ ವಿದ್ಯೆ ಕುಲದೊಳಗೆ ಉಳಿಯಿತು. ಬೀದರ, ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆ ಹೂಗಾರರು ದೇವಸ್ಥಾನಕ್ಕೂ ಮನೆಮನೆಗೂ ಹೂಪತ್ರೆ ಮುಟ್ಟಿಸಿ, ಸುಗ್ಗಿಯಲ್ಲಿ ರೈತರಿಂದ ಕಾಳು ಪಡೆಯುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಎಣಿಸಲಾಗುವ ಹೂಗಾರ ಮಾದಯ್ಯನನ್ನು ಈ ಸಮುದಾಯ ತನ್ನ ಹಿರಿಯನೆಂದು ಗೌರವಿಸುತ್ತದೆ. ಇಲ್ಲಿ ಶಾಲೆಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಮಗು ನಾರು ಸೀಳುವುದರಿಂದ ಆರಂಭಿಸಿ ಹತ್ತಾರು ವರ್ಷಗಳಲ್ಲಿ ಪಲ್ಲಕ್ಕಿ ಅಲಂಕಾರದವರೆಗೆ ಬರುತ್ತಿತ್ತು. ಹೊರಗಿನವರಿಗೆ ಮಾತ್ರ ಬಾಗಿಲು ಮುಚ್ಚಿತ್ತು.

ಬೇಡಿಕೆಯಂತೂ ಎಂದೂ ಬತ್ತಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು, ಈ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅಗತ್ಯವೆಂಬುದನ್ನು ಕಂಡು ಬೆರಗಾದ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನಿಗಾಗಿ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧಶಾಸ್ತ್ರದ ಗ್ರಂಥವೇ ರಚಿತವಾಯಿತು. 1591ರಲ್ಲಿ ಸ್ಥಾಪಿತವಾದ ಹೈದರಾಬಾದನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿಗರು ಬಾಗ್‌ನಗರ, ಅಂದರೆ ತೋಟಗಳ ಊರು, ಎಂದು ಬರೆದಿಟ್ಟರು. ದರ್ಗಾಗಳಿಗೆ ಹೂವಿನ ಚಾದರ, ಮದುಮಗನಿಗೆ ಸೆಹ್ರಾ, ಮದುಮಗಳಿಗೆ ಹೂವಿನ ಒಡವೆ, ನಮ್ಮ ಕಡೆಯ ಬಾಸಿಂಗ ಮತ್ತು ಮೊಗ್ಗಿನ ಜಡೆ ಎಲ್ಲವೂ ಈ ದಖ್ಖನಿನ ಒಂದೇ ಕುಶಲತೆಯ ಹಲವು ಮುಖಗಳು. ಕಲಬುರಗಿಯ ಬಂದೇನವಾಜರ ದರ್ಗಾದ ಎದುರು ಹೂ ಮಾರುವವರಿಗೂ ಶರಣಬಸವೇಶ್ವರ ಗುಡಿಯ ಎದುರು ಮಾರುವವರಿಗೂ ದಾರ ಒಂದೇ, ಗಂಟೂ ಒಂದೇ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ನಗರದ ಹೂವಿನ ವ್ಯಾಪಾರ ಬಹುಕಾಲ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿಯ ಜಾಂಬಾಗಿನಲ್ಲಿ ನಡೆಯುತ್ತಿತ್ತು. ಜಾಗ ಸಾಲದಾಗಿ ಸಗಟು ವ್ಯಾಪಾರವು ಮೆಹದಿಪಟ್ಣಂ ಕಡೆಯ ಗುಡಿಮಲ್ಕಾಪುರಕ್ಕೆ ವರ್ಗವಾಯಿತು. ಅಲ್ಲಿಗೆ ಚೇವೆಳ್ಳ, ಮೊಯಿನಾಬಾದ್ ಕಡೆಯ ರೈತರ ಚೆಂಡುಹೂವೂ ಬೆಂಗಳೂರು, ಹೊಸೂರು ಕಡೆಯ ಗುಲಾಬಿ, ಸೇವಂತಿಗೆಯೂ ಬಂದಿಳಿಯುತ್ತವೆ. ನಸುಕಿನಲ್ಲಿ ಅಲ್ಲಿ ನಿಂತು ನೋಡಿದವರಿಗೆ ಈ ಕಸುಬಿನ ಪಠ್ಯಕ್ರಮ ತಾನಾಗಿ ತೆರೆದುಕೊಳ್ಳುತ್ತದೆ. ಯಾವ ಮೊಗ್ಗು ಸಂಜೆಗೆ ಅರಳೀತು, ಯಾವುದು ಮಧ್ಯಾಹ್ನಕ್ಕೇ ಬಾಡೀತು ಎಂಬುದನ್ನು ಬೆರಳಿನಿಂದ ಮುಟ್ಟಿಯೇ ಹೇಳುವವರು ಅಲ್ಲಿದ್ದಾರೆ. ಮಲ್ಲಿಗೆಯನ್ನು ಬಿಸಿಲೇರುವ ಮುನ್ನ ಬಿಡಿಸಬೇಕು. ಒದ್ದೆ ಬಟ್ಟೆಯಲ್ಲೋ ಬಾಳೆಲೆಯಲ್ಲೋ ಸುತ್ತಬೇಕು. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಆಚೆಗೆರಡು ಈಚೆಗೆರಡು ಮೊಗ್ಗಿಟ್ಟು ಹೆಬ್ಬೆರಳಿನಿಂದ ದಾರವನ್ನು ಸುತ್ತಿ ಎಳೆಯುವಾಗ ತೊಟ್ಟು ಮುರಿಯಬಾರದು, ಗಂಟು ಸಡಿಲವೂ ಆಗಬಾರದು. ಎಷ್ಟು ಬಿಗಿ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ.

ಅಳತೆಯೂ ಒಂದು ಶಾಸ್ತ್ರವೇ. ತೆಲುಗಿನ ‘ಮೂರ’ ನಮ್ಮ ಮೊಳ. ತೆಲುಗಿನ ‘ದಂಡ’ ನಮ್ಮ ದಂಡೆ. ಇಲ್ಲಿಗೆ ಬಂದ ಹೊಸದರಲ್ಲಿ ಭಾಷೆ ಬಾರದ ಕನ್ನಡದ ಗೃಹಿಣಿಗೂ ಹೂ ಕೊಳ್ಳಲು ತೊಡಕಾಗುವುದಿಲ್ಲ. ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ಮಲ್ಲಿಗೆಯ ಲೆಕ್ಕ ಇನ್ನೂ ಖಚಿತ: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ 3,200 ಮೊಗ್ಗಿನ ಆ ಅಟ್ಟೆಯ ಮೇಲೆಯೇ ದಿನದ ದರ ನಿಲ್ಲುತ್ತದೆ. ಉಡುಪಿ, ಮೈಸೂರು, ಹಡಗಲಿ ಮಲ್ಲಿಗೆಗಳಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಾನ್ಯತೆ ಸಿಕ್ಕಿದ್ದು ಹೂವಿಗೆ, ಕಟ್ಟುವ ಕೈಗಲ್ಲ.

ತೆಲಂಗಾಣದ ಬತುಕಮ್ಮ ಹಬ್ಬವನ್ನು ಈ ದೃಷ್ಟಿಯಿಂದ ನೋಡಬೇಕು. 2014ರಲ್ಲಿ ರಾಜ್ಯದ ಹಬ್ಬವೆಂದು ಘೋಷಿತವಾದ ಇದರಲ್ಲಿ ತಂಗಡಿ, ಗುನುಗು, ಚೆಂಡುಹೂ, ಸೇವಂತಿಗೆಗಳನ್ನು ತಟ್ಟೆಯ ಮೇಲೆ ಸುತ್ತುಸುತ್ತಾಗಿ ಗೋಪುರದಂತೆ ಏರಿಸುತ್ತಾರೆ. ತಂತಿಯಿಲ್ಲ, ಅಂಟಿಲ್ಲ, ಒಂದು ಸುತ್ತಿನ ಭಾರವೇ ಕೆಳಗಿನ ಸುತ್ತನ್ನು ಹಿಡಿದಿಡುತ್ತದೆ. ಗುನುಗಿನ ತುದಿಗಳಿಗೆ ಬಣ್ಣ ಹಾಕಿ ಸಾಲುಗಳನ್ನು ಬೇರ್ಪಡಿಸುತ್ತಾರೆ. ವರ್ಣಸಂಯೋಜನೆ, ಸಮತೋಲ, ರಚನೆಯ ಆಧಾರ ಎಂದು ಇಂದಿನ ತರಗತಿಗಳಲ್ಲಿ ಬೋಧಿಸುವ ವಿಷಯಗಳೆಲ್ಲವನ್ನೂ ಪ್ರತಿ ವರ್ಷ ತಾಯಂದಿರು ಮಕ್ಕಳಿಗೆ ಅಂಗಳದಲ್ಲಿ ಕಲಿಸುತ್ತಾರೆ. ಅದನ್ನು ತರಬೇತಿಯೆಂದು ಯಾರೂ ಹೇಳುವುದಿಲ್ಲ.

ಬೇರೆ ದೇಶಗಳು ಇದೇ ವಿದ್ಯೆಯನ್ನು ಹೇಗೆ ನಡೆಸಿಕೊಂಡವು? ಜಪಾನಿನಲ್ಲಿ ಕ್ಯೋಟೋದ ರೊಕ್ಕಾಕು-ದೋ ದೇವಾಲಯದ ಅರ್ಚಕರ ಮನೆತನವಾದ ಇಕೆನೊಬೊದ ಸೆಂಕೆಯ ಹೂವಿನ ಜೋಡಣೆಯ ಉಲ್ಲೇಖ 1462ರಷ್ಟು ಹಿಂದಿನದು. ಅಲ್ಲಿಯೂ ವಿದ್ಯೆ ಮನೆತನದಲ್ಲೇ ಹುಟ್ಟಿತು. ಆದರೆ ಮನೆತನವು ಪೀಠವಾಯಿತು, ಹೊರಗಿನ ಶಿಷ್ಯರನ್ನು ಸೇರಿಸಿಕೊಂಡಿತು, ಹಂತಹಂತವಾಗಿ ಪ್ರಮಾಣಪತ್ರ ನೀಡಿತು. ಇಂದು ಇಕೆಬಾನದ ಓಹರಾ ಪಂಥದ ಶಾಖೆ ಹೈದರಾಬಾದಿನಲ್ಲೂ ಇದೆ. ದೇಗುಲಕ್ಕೆ ಹೂ ಅರ್ಪಿಸುವ ಸೇವೆಯಿಂದಲೇ ಹೊರಟ ಹೂಗಾರರ ವಿದ್ಯೆಗೆ ಇಂತಹ ಪೀಠವೊಂದು ದೊರೆಯಲಿಲ್ಲ.

ಇಂಗ್ಲೆಂಡಿನ ಕಥೆ ಬೇರೆ. ಬರ್ನಾರ್ಡ್ ಶಾ ಅವರ ‘ಪಿಗ್ಮಾಲಿಯನ್’ 1913ರಲ್ಲಿ ಮೊದಲು ರಂಗವೇರಿತು. ಅದನ್ನು ಭಾಷೆಯ ನಾಟಕವೆಂದು ನಾವೆಲ್ಲ ಓದಿದ್ದೇವೆ. ಅದು ವೃತ್ತಿ ತರಬೇತಿಯ ನಾಟಕವೂ ಹೌದು. ಬೀದಿಯಲ್ಲಿ ಹೂ ಮಾರುವ ಎಲೈಜಾ ಪ್ರೊಫೆಸರ್ ಹಿಗಿನ್ಸನ ಮನೆಗೆ ಹೋಗುವುದು ದೊಡ್ಡ ಮನೆತನದವಳೆನಿಸಿಕೊಳ್ಳುವ ಹಂಬಲದಿಂದಲ್ಲ. ಹೂವಿನ ಅಂಗಡಿಯೊಂದರಲ್ಲಿ ಕೆಲಸ ಅವಳ ಆಸೆ. ಸೊಗಸಾಗಿ ಮಾತನಾಡಲು ಬಾರದವಳನ್ನು ಅಂಗಡಿಯವರು ಸೇರಿಸಿಕೊಳ್ಳುವುದಿಲ್ಲ. ಹೂವಿನ ವಿಷಯದಲ್ಲಿ ಅವಳಿಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ನಾಟಕಕ್ಕೆ ಶಾ ಬರೆದ ಉತ್ತರಕಥೆಯಲ್ಲಿ ಅವಳೂ ಅವಳ ಗಂಡನೂ ಹೂವಿನ ಅಂಗಡಿ ತೆರೆದು, ಲೆಕ್ಕ ಬಾರದೆ ನಷ್ಟಪಟ್ಟು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ತರಗತಿಗಳಿಗೂ ಅಲೆಯುತ್ತಾರೆ. ಹೂವಿನ ವ್ಯಾಪಾರಕ್ಕೆ ತಕ್ಕ ಪಾಠ ಯಾವುದೆಂದು ಕೇಳಿದಾಗ ಅಲ್ಲಿನ ನಿರ್ದೇಶಕರು, ಈ ಶಾಲೆಯನ್ನೂ ಕ್ಯೂ ಸಸ್ಯೋದ್ಯಾನವನ್ನೂ ಒಟ್ಟುಗೂಡಿಸಿಕೊಳ್ಳಿ ಎಂದು ಹಾಸ್ಯವಾಡುತ್ತಾರೆ.

ಶಾ ಹಾಸ್ಯವಾಗಿ ಹೇಳಿದ್ದನ್ನು ಕಾನ್‌ಸ್ಟನ್ಸ್ ಸ್ಪ್ರೈ ನಿಜವಾಗಿಸಿದರು. ಲಂಡನ್ನಿನ ಬಡ ಬಡಾವಣೆಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರು 1929ರಲ್ಲಿ, ನಲವತ್ತು ದಾಟಿದ ಮೇಲೆ, ಹೂವಿನ ಅಂಗಡಿ ತೆರೆದರು. ಮುಂದಿನ ದಶಕದಲ್ಲಿ ಹೂವಿನ ಶಾಲೆಯನ್ನೇ ನಡೆಸಿದರು. ಬೇಲಿಯ ಕಾಡುಗಿಡ, ಅಡುಗೆಮನೆಯ ಕೋಸಿನ ಎಲೆ ಎಲ್ಲವನ್ನೂ ಹೂದಾನಿಗೆ ತಂದ ಅವರು 1953ರಲ್ಲಿ ರಾಣಿ ಎಲಿಜಬೆತ್ತರ ಪಟ್ಟಾಭಿಷೇಕದ ಹೂವಿನ ಅಲಂಕಾರದ ಹೊಣೆ ಹೊತ್ತರು. ನಡುವಯಸ್ಸಿನಲ್ಲಿ ಈ ದಾರಿ ಹಿಡಿಯುವವರಿಗೆಲ್ಲ ಅವರೇ ಹಿರಿಯಕ್ಕ. ಸ್ಪ್ರೈ ಅವರಿಗೆ ಶಾಲೆಯಿತ್ತು, ಮಾತಿತ್ತು, ಬೆಂಬಲವಿತ್ತು. ಎಲೈಜಾಳಿಗೆ ಹೂವಿನ ಬುಟ್ಟಿಯಷ್ಟೇ ಇತ್ತು.

ಇಂದಿನ ಹೈದರಾಬಾದಿನಲ್ಲಿ ಈ ಇಬ್ಬರೂ ಇದ್ದಾರೆ. ಫ್ಲೋರಿಸ್ಟ್ ತರಬೇತಿಯಲ್ಲಿ ಕಾಂಡವನ್ನು ಓರೆಯಾಗಿ ಕತ್ತರಿಸುವುದು, ನೀರಿನೊಳಗಿನ ಎಲೆಗಳನ್ನು ತೆಗೆಯುವುದು, ಮಾಗಿದ ಹಣ್ಣಿನ ಬಳಿ ಕಾರ್ನೇಷನ್ ಇಡದಿರುವುದು, ಸುರುಳಿಯಾಗಿ ಬೊಕೆ ಕಟ್ಟುವುದು, ಬೆಲೆ ಕಟ್ಟುವುದು ಇವನ್ನೆಲ್ಲ ಕಲಿಸುತ್ತಾರೆ. ಎಲ್ಲವೂ ಉಪಯುಕ್ತ. 1954ರಲ್ಲಿ ಅಮೆರಿಕದ ವರ್ನನ್ ಸ್ಮಿದರ್ಸ್ ಕಂಡುಹಿಡಿದ, ನೀರು ಹೀರುವ ಹಸಿರು ಫೋಮಿನ ಬಳಕೆಯನ್ನೂ ಕಲಿಸುತ್ತಾರೆ. ಮಣ್ಣಿನಲ್ಲಿ ಕರಗದ ಆ ಪ್ಲಾಸ್ಟಿಕ್ಕನ್ನು ಕೈಬಿಡುವುದು ಹೇಗೆಂದು ಪಾಶ್ಚಾತ್ಯ ಹೂಗಾರರು ಈಗ ತಲೆ ಕೆಡಿಸಿಕೊಂಡಿರುವಾಗ, ಅದಿಲ್ಲದೆ ಗೋಪುರ ಕಟ್ಟಬಲ್ಲ ಹೆಂಗಸರು ಪಕ್ಕದ ಓಣಿಯಲ್ಲೇ ಇದ್ದಾರೆ. ಅವರನ್ನು ತರಗತಿಗೆ ಗುರುವಾಗಿ ಕರೆದವರನ್ನು ನಾವು ಕಂಡಿಲ್ಲ.

ಸರ್ಕಾರದ ಯೋಜನೆ ಇನ್ನೊಂದು ಬಾಗಿಲು ತೆರೆದಿದೆ. ಮಾಲಾಕಾರನೆಂದು ನೋಂದಾಯಿಸಿಕೊಂಡವರಿಗೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ, ಐದರಿಂದ ಏಳು ದಿನಗಳ ಮೂಲ ತರಬೇತಿ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ಸರ್ಕಾರಿ ನೌಕರರೂ ಅವರ ಕುಟುಂಬದವರೂ ಅರ್ಹರಲ್ಲವಾದ್ದರಿಂದ ನಾವು ಇದನ್ನು ಹೊರಗೆ ನಿಂತೇ ಹೇಳಬಲ್ಲೆವು: ಹೂವಾಡಗಿತ್ತಿಯನ್ನು ಕುಶಲಕರ್ಮಿಯೆಂದು ಪ್ರಭುತ್ವ ಬರಹದಲ್ಲಿ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಯೋಜನೆ ಕಾಣುವುದು ಕುಟುಂಬದಿಂದ ಬಂದ ಕಸುಬನ್ನು. ಖಾಸಗಿ ತರಗತಿ ಕಾಣುವುದು ಶುಲ್ಕವನ್ನೂ ಇಂಗ್ಲಿಷನ್ನೂ. ಒಂದು ಬಾಗಿಲಲ್ಲಿ ಹುಟ್ಟು, ಇನ್ನೊಂದರಲ್ಲಿ ಹಣ. ಕಲಿಯುವ ಆಸೆಯಿರುವವರೂ ಕಲಿಸುವ ಕೈಯಿರುವವರೂ ಸಂಧಿಸುವ ಜಾಗ ಇನ್ನೂ ನಿರ್ಮಾಣವಾಗಬೇಕಾಗಿದೆ.

ವೇಮುಲವಾಡದಲ್ಲಿ, ಅಂದರೆ ಇದೇ ತೆಲಂಗಾಣದ ನೆಲದಲ್ಲಿ, ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಬನವಾಸಿಯನ್ನು ನೆನೆದಾಗ ಅವನ ನೆನಪಿಗೆ ಬಂದವುಗಳಲ್ಲಿ ಮಲ್ಲಿಗೆಯೂ ಒಂದು. ನಾಡಿನಿಂದ ದೂರವಿರುವವರಿಗೆ ಹೂವೆಂದರೆ ಊರೇ. ಆದ್ದರಿಂದ ನಮ್ಮ ಸಂಘಗಳಿಗೆ ಒಂದು ವಿನಂತಿ. ಮುಂದಿನ ರಾಜ್ಯೋತ್ಸವದ ವೇದಿಕೆಗೆ ಹೂ ತರಿಸುವಾಗ, ಅದನ್ನು ಕಟ್ಟುವ ತಾಯಿಯನ್ನು ಬೆಳಿಗ್ಗೆಯೇ ಕರೆಸಿ, ಎರಡು ಗಂಟೆಯ ಪಾಠಕ್ಕೆ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ನಮ್ಮ ಮಕ್ಕಳನ್ನು ಅವರ ಮುಂದೆ ಕೂರಿಸೋಣ. ಸಂಜೆಯ ವೇದಿಕೆಯಲ್ಲಿ ಅತಿಥಿಗಳ ಹೆಸರಿನೊಂದಿಗೆ ಅವರ ಹೆಸರನ್ನೂ ಓದೋಣ.