ದಂಡಿನ ಲೆಕ್ಕ

ಹದಿನೆಂಟನೆಯ ಶತಮಾನದ ಯುರೋಪಿನ ಸೈನ್ಯಗಳು ಹೇಗೆ ಕಟ್ಟಲ್ಪಟ್ಟವು ಎಂದು ಓದುತ್ತಿದ್ದೇನೆಂದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ಸುರಪುರದ ಹೆಣ್ಣುಮಗಳಿಗೆ ಪ್ರಶ್ಯದ ದಂಡಿನ ಉಸಾಬರಿ ಯಾಕೆ? ಆದರೆ ಆ ದಂಡಿನ ಲೆಕ್ಕ ಗೊತ್ತಾಗದೆ ನಮ್ಮ ಊರಿನ ಕತೆಯೂ ಗೊತ್ತಾಗುವುದಿಲ್ಲ.

ಸುರಪುರದ ಹತ್ತಿರವೇ ವಾಗಣಗೇರಿಯ ಕೋಟೆಯಿದೆ. 1705ರಲ್ಲಿ ಔರಂಗಜೇಬ ಸ್ವತಃ ಬಂದು ಅದಕ್ಕೆ ಮುತ್ತಿಗೆ ಹಾಕಿದ. ಅವನು ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎದುರಿಗಿದ್ದವನು ಪಿಡ್ಡನಾಯಕ, ಅವನ ಬಲವೆಂದರೆ ಬೇಡರ ಪಡೆ. ತಿಂಗಳುಗಟ್ಟಲೆ ಹೋರಾಡಿ, ಇನ್ನು ಆಗದೆಂದಾಗ ನಾಯಕ ರಾತ್ರೋರಾತ್ರಿ ಕೋಟೆ ಬಿಟ್ಟು ಹೊರಟ. ಬಾದಶಹನಿಗೆ ಸಿಕ್ಕದ್ದು ಬರಿಯ ಗೋಡೆಗಳು. ಅವನು ದೇವಾಪುರದಲ್ಲಿ ಕಾಯಿಲೆ ಬಿದ್ದು, ಗುಣವಾಗಿ ತೆರಳಿದ ಮೇಲೆ ನಾಯಕರು ಮತ್ತೆ ತಲೆಯೆತ್ತಿದರು.

ಈ ಪಡೆಗೆ ಸಮವಸ್ತ್ರವಿರಲಿಲ್ಲ, ತಿಂಗಳ ಸಂಬಳವಿರಲಿಲ್ಲ. ಹೊಲ ಉಳುವವನೇ ಕರೆ ಬಂದಾಗ ಬಂದೂಕು ಹಿಡಿಯುತ್ತಿದ್ದ. ಚಾಕರಿಗೆ ಪ್ರತಿಯಾಗಿ ಭೂಮಿ. ಇದನ್ನು ಹಳೆಯ ಕಾಲದ ಪದ್ಧತಿ ಎಂದು ತಳ್ಳಿಹಾಕುವವರು ಪ್ರಶ್ಯದ ಕಡೆ ನೋಡಬೇಕು. ಅಲ್ಲಿನ ದೊರೆ 1733ರಲ್ಲಿ ಒಂದೊಂದು ರೆಜಿಮೆಂಟಿಗೆ ಒಂದೊಂದು ಸೀಮೆಯನ್ನು ಹಂಚಿಕೊಟ್ಟ. ಆ ಸೀಮೆಯ ರೈತರ ಮಕ್ಕಳೇ ಅದರ ಸಿಪಾಯಿಗಳು. ಕವಾಯತು ಕಲಿತ ಮೇಲೆ ವರ್ಷದಲ್ಲಿ ಕೆಲವು ತಿಂಗಳು ದಂಡು, ಉಳಿದ ತಿಂಗಳು ಒಕ್ಕಲುತನ. ನೇಗಿಲು-ಬಂದೂಕಿನ ನಂಟು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ.

ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಯುರೋಪಿನಲ್ಲಿ ಕಂಪನಿ, ಅದರ ಮೇಲೆ ಬೆಟಾಲಿಯನ್, ಅದರ ಮೇಲೆ ರೆಜಿಮೆಂಟು ಎಂದು ಮೆಟ್ಟಿಲುಗಳಿದ್ದವು. ಪ್ರತಿ ಸಿಪಾಯಿಯ ಹೆಸರು ಹಾಜರಿ ಪಟ್ಟಿಯಲ್ಲಿ. ಕಪ್ತಾನ ಸತ್ತರೆ ಮುಂದಿನವನು ಯಾರೆಂಬುದು ಮೊದಲೇ ಗೊತ್ತು. ಹಾಗೆಂದು ಅದು ಶುದ್ಧ ವ್ಯವಸ್ಥೆಯೇನಲ್ಲ. ಇಂಗ್ಲೆಂಡಿನಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಆ ವ್ಯಾಪಾರ ನಿಂತದ್ದು 1871ರಲ್ಲಿ.

ಈ ಮಾದರಿ ನಮ್ಮ ನಾಡಿಗೆ ಬಂದದ್ದು ಹೈದರಾಬಾದಿನ ದಾರಿಯಿಂದ. 1751ರಲ್ಲಿ ಫ್ರೆಂಚರ ಬುಸ್ಸಿ ಅಲ್ಲಿಗೆ ಪಡೆ ತಂದ. ಅವನ ಕೈಕೆಳಗೆ ಪಳಗಿದ ಇಬ್ರಾಹಿಂ ಖಾನ್ ಗಾರ್ದಿ ಮುಂದೆ ಪೇಶ್ವೆಯರ ಪರವಾಗಿ ಪಾಣಿಪತ್ತಿನಲ್ಲಿ ಕಾದಾಡಿ ಸತ್ತ. ಆಮೇಲೆ ಬಂದ ರೇಮಂಡ್ ನಿಜಾಮನಿಗಾಗಿ ಹತ್ತು ಸಾವಿರಕ್ಕೂ ಮಿಕ್ಕ ಸಿಪಾಯಿಗಳಿಗೆ ಕವಾಯತು ಕಲಿಸಿದ. ಅವನ ಹೆಸರೇ ಜನರ ಬಾಯಲ್ಲಿ ‘ಮೂಸಾ ರಾಮ’ ಆಗಿ, ಹೈದರಾಬಾದಿನ ಮೂಸಾರಾಮಬಾಗ್ ಆಯಿತು. ರೇಮಂಡ್ ತೀರಿಕೊಂಡದ್ದು 1798ರ ಮಾರ್ಚಿನಲ್ಲಿ. ಅದೇ ಅಕ್ಟೋಬರಿನಲ್ಲಿ ಇಂಗ್ಲಿಷರು ಆ ಪಡೆಯನ್ನು ಸುತ್ತುವರಿದು ಆಯುಧ ಕೆಳಗಿಡಿಸಿದರು. ಸಂಬಳ ಬಾಕಿಗಾಗಿ ಸಿಪಾಯಿಗಳು ಆಗಲೇ ತಮ್ಮ ಅಧಿಕಾರಿಗಳ ಮೇಲೆ ತಿರುಗಿಬಿದ್ದಿದ್ದರು, ಯುದ್ಧವೇ ಬೇಕಾಗಲಿಲ್ಲ. ನಾವು ಮನೆಯಲ್ಲಿ ‘ಮಕ್ಕಳ ಪಟಾಲಂ ಬಂತು’ ಎನ್ನುತ್ತೇವಲ್ಲ, ಆ ಪಟಾಲಂ ಬೆಟಾಲಿಯನ್ನಿನ ಮಗುವೇ.

ಇದನ್ನೆಲ್ಲ ನಾನು ಒಮ್ಮೆ ಶಹಾಪುರದ ನೆಂಟರ ಮನೆಯಲ್ಲಿ ಹೇಳುತ್ತಿದ್ದಾಗ, ಜೋಳ ಹಸನು ಮಾಡುತ್ತ ಕುಳಿತಿದ್ದ ಹಿರಿಯ ಅಜ್ಜಿ ಕೇಳಿದಳು: “ಅಲ್ಲವ್ವಾ, ದಂಡಿಗಿ ಹೋದವರ ಹೇಣ್ತೇರು ಏನು ತಿಂತಿದ್ರು? ಅದನ್ಯಾರರ ಬರದಾರೇನು?” ಅವಳ ಮೊಮ್ಮಗ ಸೈನ್ಯದಲ್ಲಿದ್ದಾನೆ. ಆ ಪ್ರಶ್ನೆ ನನ್ನ ಓದಿನ ದಿಕ್ಕನ್ನೇ ತಿರುಗಿಸಿತು.

ಬರೆದಿದ್ದಾರೆ, ಅಜ್ಜಿ. ಇಂಗ್ಲಿಷರ ರೆಜಿಮೆಂಟು ಸಮುದ್ರ ದಾಟುವಾಗ ಒಂದು ಕಂಪನಿಗೆ ಸಾಮಾನ್ಯವಾಗಿ ಆರು ಹೆಂಗಸರಿಗೆ ಮಾತ್ರ ಜಾಗ. ಯಾರು ಹೋಗಬೇಕೆಂದು ಚೀಟಿ ಎತ್ತುತ್ತಿದ್ದರು. ಚೀಟಿ ಬಾರದವಳು ಮಕ್ಕಳ ಕೈಹಿಡಿದು ದಂಡೆಯ ಮೇಲೆ ಉಳಿಯುತ್ತಿದ್ದಳು. ಹೋದವಳಿಗೆ ಗಂಡಸಿನ ಅರ್ಧ ಪಡಿ. ಅದಕ್ಕೆ ಬಟ್ಟೆ ಒಗೆಯಬೇಕು, ಗಾಯಾಳುಗಳ ಸೇವೆ ಮಾಡಬೇಕು. ಗಂಡ ಸತ್ತರೆ ಬೇಗನೆ ಇನ್ನೊಬ್ಬ ಸಿಪಾಯಿಯ ಕೈಹಿಡಿಯದಿದ್ದರೆ ಆ ಅರ್ಧ ಪಡಿಯೂ ಇಲ್ಲ. ಲೆಕ್ಕ ಕ್ರೂರವಾದದ್ದು. ಆದರೆ ಲೆಕ್ಕವಿದ್ದದ್ದರಿಂದಲೇ ಅವರು ಇದ್ದರೆಂದು ನಮಗೆ ತಿಳಿಯಿತು.

ಸುರಪುರದ ಸೋಲೂ ಲೆಕ್ಕದ ಸೋಲೇ. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಖರ್ಚು ನಿಜಾಮನ ಮೇಲೆ ಬಿತ್ತು, ಸಾಲ ಬೆಳೆಯಿತು. 1853ರಲ್ಲಿ ಆ ಸಾಲಕ್ಕೆ ವರ್‍ಹಾಡದ ಜೊತೆ ರಾಯಚೂರು ದೋಆಬವೂ ಕಂಪನಿಯ ವಶಕ್ಕೆ ಹೋಯಿತು. ಲಿಂಗಸುಗೂರಿನಲ್ಲಿ ದಂಡು ಕುಳಿತುಕೊಂಡಿತು. 1858ರ ಫೆಬ್ರವರಿಯಲ್ಲಿ ಅಂಥ ಪಡೆ ಸುರಪುರದ ಮೇಲೆ ಬಂದಾಗ ಬೇಡರು ಹೋರಾಡಿದರು. ಕಪ್ತಾನ ನ್ಯೂಬೆರಿ ಸತ್ತ. ಆದರೆ ಆ ಕಡೆ ಒಬ್ಬ ಕಪ್ತಾನ ಬಿದ್ದರೆ ಇನ್ನೊಬ್ಬನಿದ್ದ. ಈ ಕಡೆ ಇದ್ದದ್ದು ಒಬ್ಬನೇ ವೆಂಕಟಪ್ಪನಾಯಕ. ಅವನು ಸೆರೆಸಿಕ್ಕಿದ, ಅದೇ ವರ್ಷ ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ.

ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ಹಿಡಿದವಳು ತಾಯಿ ಈಶ್ವರಮ್ಮ. ಅವಳ ಬಗ್ಗೆ ನಮಗೆ ತಿಳಿದದ್ದೆಲ್ಲ ಹೆಚ್ಚಾಗಿ ಮೆಡೋಸ್ ಟೇಲರನ ಲೇಖನಿಯಿಂದ, ಅವಳಿಂದ ಅಧಿಕಾರ ಬಿಡಿಸಲು ಬಂದವನಿಂದ. 1877ರಲ್ಲಿ ಪ್ರಕಟವಾದ ಅವನ ಆತ್ಮಕತೆಯಲ್ಲಿ ಬಾಲಕ ರಾಜನ ಮೇಲಿನ ಅಕ್ಕರೆ ಎದ್ದು ಕಾಣುತ್ತದೆ. ರಾಣಿಯ ಮೇಲೆ ಅದರ ಒಂದು ಹನಿಯೂ ಇಲ್ಲ. ಎದುರಾಳಿ ಬರೆದದ್ದೇ ಚರಿತ್ರೆಯಾದರೆ ರಾಣಿಗೇ ಈ ಗತಿ. ವಾಗಣಗೇರಿಯ ಗೋಡೆಯ ಹಿಂದೆ ನೀರು ಹೊತ್ತವರ, ರೊಟ್ಟಿ ಬಡಿದವರ ಹೆಸರನ್ನು ಯಾವ ಹಾಜರಿ ಪಟ್ಟಿಯಲ್ಲಿ ಹುಡುಕುವುದು?

ಅದಕ್ಕೇ ನಾನೀಗ ನೋಟುಬುಕ್ಕು ಹಿಡಿದು ಊರಿನ ಹಿರಿಯ ಹೆಂಗಸರ ಬಳಿ ಕೂರುತ್ತೇನೆ. ಮುತ್ತಜ್ಜಿಯ ಹೆಸರೇನು, ಎಲ್ಲಿಂದ ಬಂದವಳು, ಗಂಡ ಇಲ್ಲದಾಗ ಹೊಲ ಯಾರು ನೋಡಿದರು ಎಂದು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಾರು. ಅವರು ಇರುವಾಗಲೇ ಕೇಳಿ ಬರೆದಿಡಿ.